ಖಾಲಿಯಾದ ಆ ಒಂದು ಗಂಟೆಯನ್ನು ಕಂಪ್ಯೂಟರಿಗೆ ಬಿಡಬೇಡಿ

ಮಾನ್ಯ ಸಂಪಾದಕರೇ,

ಪುಣೆ ಹತ್ತಿರದ ಭೋಸರಿಯ ಒಂದು ಕಾರ್ಖಾನೆಯಲ್ಲಿ 34 ವರ್ಷ ಲೇಥ್ ನಡೆಸಿ ನಿವೃತ್ತನಾದವನು ನಾನು. ಮನೆ ನಿಗಡಿಯಲ್ಲಿ, ಊರು ರೋಣದ ಹತ್ತಿರ. ಏಳು ವರ್ಷಗಳಿಂದ ಪ್ರತಿ ಭಾನುವಾರ ಬೆಳಗ್ಗೆ ಸುತ್ತಲಿನ ಜನರಿಗಾಗಿಯೇ ಇರುವ ಇಲ್ಲಿನ ಸಣ್ಣದೊಂದು ಸಮುದಾಯ ರೇಡಿಯೊ ಕೇಂದ್ರಕ್ಕೆ ಹೋಗುತ್ತೇನೆ. ಅಲ್ಲಿ ಏಳರಿಂದ ಎಂಟೂವರೆಯವರೆಗೆ ಕನ್ನಡ. ಅದರಲ್ಲಿ ಅರ್ಧ ಗಂಟೆ ನಾವು ನಾಲ್ಕು ಜನ ಸೇರಿ ಮಾಡುವ ಮಾತುಕತೆ. ಉಳಿದ ಒಂದು ಗಂಟೆ ಹಳೆಯ ಕನ್ನಡ ಹಾಡುಗಳದ್ದು. ಆ ಒಂದು ಗಂಟೆ ಈಗ ಖಾಲಿಯಾಗಿದೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಹಾಡಿನ ಆ ಕಾರ್ಯಕ್ರಮ ನಾವು ಮಾಡಿದ್ದಲ್ಲ. ಬೇರೆ ಊರಿನಲ್ಲಿ ಒಬ್ಬರು ತಯಾರಿಸಿ, ನಮ್ಮಂಥ ಕೆಲವು ಸಣ್ಣ ಕೇಂದ್ರಗಳಿಗೆ ಕಳಿಸುತ್ತಿದ್ದರು. ರೇಡಿಯೊದವರು ಇದಕ್ಕೆ ಸಿಂಡಿಕೇಟೆಡ್ ಕಾರ್ಯಕ್ರಮ ಅನ್ನುತ್ತಾರೆ. ನಾವು ಸುಮ್ನೆ 'ರೆಡಿ ಪ್ರೋಗ್ರಾಂ' ಅನ್ನುತ್ತಿದ್ದೆವು. ಗುರುವಾರ ಸಂಜೆ ಫೈಲು ಬರುತ್ತಿತ್ತು. 28 ನಿಮಿಷದ ಎರಡು ತುಂಡು. ನಡುವೆ ನಮ್ಮ ಕೇಂದ್ರದ ಹೆಸರು ಹೇಳಲು, ಒಂದೆರಡು ಜಾಹೀರಾತು ಹಾಕಲು ಜಾಗ. ನಿರೂಪಕರು ಹಾಡು ಹಚ್ಚಿ ಸುಮ್ಮನಾಗುತ್ತಿರಲಿಲ್ಲ. ಹಾಡು ಯಾವ ವರ್ಷದ್ದು, ಹಿಂದೆ ಕೊಳಲು ನುಡಿಸಿದವರು ಯಾರು, ಎಲ್ಲ ಹೇಳುತ್ತಿದ್ದರು. ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಇರುತ್ತಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಅವರಿಂದ ಮೇಲ್ ಬಂತು. ಇನ್ನು ಆಗುವುದಿಲ್ಲ, ಕ್ಷಮಿಸಿ ಅಂತ. ಎಲ್ಲವನ್ನೂ ಒಬ್ಬರೇ ಮಾಡುತ್ತಿದ್ದರು. ಹಾಡಿನ ಹಕ್ಕಿಗೆ ದುಡ್ಡು ಕಟ್ಟಬೇಕು, ಕೇಂದ್ರಗಳಿಂದ ಬರುವುದು ಅಷ್ಟಕ್ಕಷ್ಟೇ. ಅವರ ಮೇಲೆ ನನಗೆ ಸಿಟ್ಟಿಲ್ಲ. ಇಷ್ಟು ವರ್ಷ ನಡೆಸಿದ್ದೇ ದೊಡ್ಡದು.

ಮೊದಲ ಭಾನುವಾರ ಹಳೆಯ ಕಂತನ್ನೇ ಮತ್ತೆ ಹಾಕಿದೆವು. ಹತ್ತು ನಿಮಿಷ ಆಗಿರಲಿಲ್ಲ, ಫೋನ್ ಬಂತು. ವಾಕಡ್‌ನ ಒಂದು ಸೊಸೈಟಿಯ ವಾಚ್‌ಮನ್, ಯಾದಗಿರಿ ಕಡೆಯವರು. "ಸರ್ರ, ಇದು ಹಿಂದಕ ಹಾಕಿದ್ದಾ ಐತಲ್ರಿ? ಹೊಸಾದು ಬರಂಗಿಲ್ಲೇನ್ರಿ?" ಅಂದರು. ರಾತ್ರಿ ಪಾಳಿ ಮುಗಿಸಿ, ಗೇಟಿನ ಕ್ಯಾಬಿನ್‌ನಲ್ಲಿ ಕೂತು, ಬದಲಿ ಬರುವವರೆಗೆ ರೇಡಿಯೊ ಕೇಳುವ ಮನುಷ್ಯ. ಅವರಿಗೆ ಏನು ಉತ್ತರ ಕೊಡಬೇಕು ಅಂತ ನನಗೆ ತಿಳಿಯಲಿಲ್ಲ.

ನಮ್ಮನ್ನು ಕೇಳುವವರು ಇಂಥವರೇ. ಹಿಂಜವಡಿ, ತಾಥವಡೆ ಕಡೆ ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರ, ಯಾದಗಿರಿ ಜನ. ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಭಾನುವಾರ ಬಟ್ಟೆ ಒಗೆಯುವ ದಿನ, ಅವತ್ತು ಒಂದು ಮೊಬೈಲಿನಲ್ಲಿ ಹತ್ತು ಜನ ರೇಡಿಯೊ ಕೇಳುತ್ತಾರೆ. ಹೋಟೆಲಿನ ಅಡುಗೆಮನೆಯಲ್ಲಿ ಇಡ್ಲಿ ಹಿಟ್ಟು ಹುಯ್ಯುವ ಕರಾವಳಿಯ ಹುಡುಗರು ಕೇಳುತ್ತಾರೆ. ಮಗನ ಮನೆಗೆ ಬಂದು ಎಂಟನೇ ಮಹಡಿಯಲ್ಲಿ ಉಳಿದುಬಿಟ್ಟ ಅಜ್ಜ-ಅಜ್ಜಿಯರು ಕೇಳುತ್ತಾರೆ. ಯೂಟ್ಯೂಬ್ ಇದೆಯಲ್ಲ ಅನ್ನಬಹುದು. ಇದೆ. ಆದರೆ ಯೂಟ್ಯೂಬ್ ಅವರ ಹೆಸರು ಹೇಳುವುದಿಲ್ಲ, ಅವರ ಫೋನ್ ಎತ್ತುವುದಿಲ್ಲ.

ರೆಡಿ ಪ್ರೋಗ್ರಾಂ ಅಂದರೆ ಏನೋ ಕಡಿಮೆ ದರ್ಜೆಯದು ಅಂತ ನಮ್ಮಲ್ಲೇ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ದೇಶದ ರೇಡಿಯೊ ಬೆಳೆದದ್ದೇ ಹಾಗೆ. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮಂತ್ರಿಯಾಗಿದ್ದಾಗ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಹೆಚ್ಚುಕಡಿಮೆ ನಿಂತೇಹೋಗಿತ್ತು. ಆಗ ಜನ ರೇಡಿಯೊ ಸಿಲೋನ್ ಕಡೆ ತಿರುಗಿದರು. ನಿರೂಪಕ ಅಮೀನ್ ಸಯಾನಿಯವರ ಹಾಡಿನ ಕಾರ್ಯಕ್ರಮ ಮುಂಬಯಿಯಲ್ಲೇ ರೆಕಾರ್ಡ್ ಆಗಿ, ಟೇಪು ವಿಮಾನದಲ್ಲಿ ಕೊಲಂಬೊಗೆ ಹೋಗಿ, ಅಲ್ಲಿಂದ ನಮ್ಮ ಮನೆಗಳಿಗೆ ತಿರುಗಿ ಬರುತ್ತಿತ್ತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾಯಿತು. ಅದರ ಕಾರ್ಯಕ್ರಮಗಳೂ ಮೊದಮೊದಲು ಟೇಪುಗಳಲ್ಲಿ ಒಂದೊಂದು ಕೇಂದ್ರಕ್ಕೆ ಹೋಗುತ್ತಿದ್ದವು. ಉಪಗ್ರಹ ಬಂದದ್ದು ಆಮೇಲೆ. ಒಂದು ಕಡೆ ಚೆನ್ನಾಗಿ ಮಾಡಿ ನೂರು ಕಡೆ ಕೇಳಿಸುವುದರಲ್ಲಿ ತಪ್ಪೇನೂ ಇಲ್ಲ. ಕಷ್ಟ ಒಂದೇ: ಆ ಒಂದು ಕಡೆ ನಿಂತರೆ ನೂರು ಕಡೆಯೂ ನಿಲ್ಲುತ್ತದೆ.

ಇದನ್ನು ನಾನು ಮುಂಚೆಯೂ ಒಮ್ಮೆ ಅನುಭವಿಸಿದ್ದೇನೆ. ಉಪಗ್ರಹ ರೇಡಿಯೊ ಸೇವೆಯೊಂದರಲ್ಲಿ ದಿನವಿಡೀ ಕನ್ನಡ ಹಾಡಿನ ಚಾನೆಲ್ ಇತ್ತು. ದೀಪಾವಳಿ ಬೋನಸ್ಸಿನಲ್ಲಿ ಅದರ ರಿಸೀವರ್ ಕೊಂಡು, ಬಾಲ್ಕನಿಯಲ್ಲಿ ಆಂಟೆನಾ ಇಟ್ಟುಕೊಂಡಿದ್ದೆ. 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಆ ಸೇವೆ ಮುಗಿಯಿತು. ಮರುದಿನ ಬೆಳಗ್ಗೆ ಗುಂಡಿ ಒತ್ತಿದರೆ ಬರೀ ಮೌನ. ನನ್ನ ಹೆಂಡತಿ ಆ ರಿಸೀವರನ್ನು ಇವತ್ತಿಗೂ ಎಸೆಯಲು ಬಿಟ್ಟಿಲ್ಲ.

ಅಮೆರಿಕದಲ್ಲೂ ಸಣ್ಣ ಕೇಂದ್ರಗಳು ಇದೇ ಹೆದರಿಕೆಯಲ್ಲಿವೆ. ಅಲ್ಲಿ ಮಿನ್ನೆಸೋಟಾದ ಸಾರ್ವಜನಿಕ ರೇಡಿಯೊ 24 ಗಂಟೆಯೂ ಶಾಸ್ತ್ರೀಯ ಸಂಗೀತ ತಯಾರಿಸಿ ಕಳಿಸುತ್ತದೆ. ಕೆಲಸಕ್ಕೆ ಸಾಕಷ್ಟು ಜನ ಇಲ್ಲದ ಎಷ್ಟೋ ಊರಿನ ಕೇಂದ್ರಗಳು ರಾತ್ರಿಯಿಡೀ ಅದನ್ನೇ ಹಚ್ಚುತ್ತವೆ. ಇಂಥ ಕಾರ್ಯಕ್ರಮ ಕೊಳ್ಳಲು ದುಡ್ಡು ಬೇಕು. 1967ರ ಕಾಯ್ದೆಯಿಂದ ಹುಟ್ಟಿದ ಸಾರ್ವಜನಿಕ ಪ್ರಸಾರ ನಿಗಮ ಕೇಂದ್ರಗಳಿಗೆ ನೆರವು ಕೊಡುತ್ತಿತ್ತು. ಹಾಡಿನ ಹಕ್ಕಿನ ಪರವಾನಗಿಯನ್ನೂ ಎಲ್ಲರ ಪರವಾಗಿ ಮಾತಾಡಿ ಮಾಡಿಸುತ್ತಿತ್ತು. 2025ರ ಜುಲೈನಲ್ಲಿ ಅಲ್ಲಿನ ಸಂಸತ್ತು ಅದಕ್ಕೆ ಎರಡು ವರ್ಷಕ್ಕೆಂದು ಇಟ್ಟಿದ್ದ ಸುಮಾರು 110 ಕೋಟಿ ಡಾಲರನ್ನು ವಾಪಸ್ ತೆಗೆದುಕೊಂಡಿತು. ಆಗಸ್ಟ್ 1ರಂದು ನಿಗಮ ಬಾಗಿಲು ಮುಚ್ಚುತ್ತೇವೆ ಅಂತ ಹೇಳಿತು. ಅಷ್ಟು ದೊಡ್ಡ ದೇಶದಲ್ಲೇ ಹೀಗೆ. ನಮ್ಮದು 100 ವ್ಯಾಟ್‌ನ ಕೇಂದ್ರ. ಹಳೇ ಕಾಲದ ಒಂದು ಬಲ್ಬಿನಷ್ಟು ಶಕ್ತಿ, 30 ಮೀಟರಿಗಿಂತ ಎತ್ತರದ ಕಂಬ ಹಾಕುವಂತಿಲ್ಲ. ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ಬರೀ ಗೊರಗೊರ.

ರೆಡಿ ಪ್ರೋಗ್ರಾಂ ನಿಂತ ಮೇಲಿನ ಎರಡನೇ ಭಾನುವಾರ ಆ ಗಂಟೆಯನ್ನು ಕಂಪ್ಯೂಟರಿಗೆ ಬಿಟ್ಟೆವು. ಕೇಂದ್ರಕ್ಕೆ ಅನುಮತಿ ಇರುವ ಹಾಡುಗಳಷ್ಟನ್ನೇ ತುಂಬಿದ್ದೆವು. ಅದರಲ್ಲಿ ಕನ್ನಡದ್ದು ಬಹಳ ಕಡಿಮೆ. ಒಂದಾದ ಮೇಲೊಂದು ಹಾಡು ಬಂತು. ಯಾರೂ ಮಾತಾಡಲಿಲ್ಲ. ತಪ್ಪೂ ಆಗಲಿಲ್ಲ, ನಡುವೆ ನಿಲ್ಲಲೂ ಇಲ್ಲ. ಮೂರು ಭಾನುವಾರ ಹೀಗೇ ನಡೆಯಿತು. ಮೂರು ವಾರವೂ ಒಂದು ಫೋನ್ ಬರಲಿಲ್ಲ. ಆ ವಾಚ್‌ಮನ್ ಕೂಡ ಮಾಡಲಿಲ್ಲ. ನನಗೆ ಜಾಸ್ತಿ ನೋವಾಗಿದ್ದು ಇದೇ.

"ಮೊಬೈಲಿನಲ್ಲಿ ಎಲ್ಲ ಹಾಡೂ ಇದೆ, ಹಾಕಿಬಿಡಿ" ಅನ್ನುವವರಿದ್ದಾರೆ. ಹಾಗೆ ಹಾಕುವಂತಿಲ್ಲ. ಒಂದು ಹಾಡಿನಲ್ಲಿ ಪದ ಮತ್ತು ರಾಗ ಕಟ್ಟಿದವರ ಹಕ್ಕು ಬೇರೆ, ರೆಕಾರ್ಡ್ ಮಾಡಿದ ಕಂಪನಿಯ ಹಕ್ಕು ಬೇರೆ. ಪದ ಬರೆದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಇದು ಸರಿಯೇ, ಕಲಾವಿದರಿಗೆ ದುಡ್ಡು ಸಿಗಬೇಕು. ಆದರೆ ಇದರಲ್ಲೇ ನಮಗೊಂದು ದಾರಿಯೂ ಇದೆ. ಶಿಶುನಾಳ ಶರೀಫಜ್ಜ ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದ ಇವತ್ತು ಎಲ್ಲರದು. ವಚನ, ದಾಸರ ಪದ, ಬೀಸೋ ಕಲ್ಲಿನ ಪದ, ಸೋಬಾನೆ ಎಲ್ಲರದು. ಕಂಪನಿಯ ರೆಕಾರ್ಡ್ ಹಾಕಲು ಅನುಮತಿ ಬೇಕು. ನಮ್ಮೂರಿನವರೇ ಹಳೇ ಧಾಟಿಯಲ್ಲಿ ಹಾಡಿದರೆ ಅವರೊಬ್ಬರ ಒಪ್ಪಿಗೆ ಸಾಕು.

ಹಾಗಂತ ಒಮ್ಮೆ ಮಾಡಿ ನೋಡಿದೆವು. ತಾಥವಡೆಯ ಶೆಡ್ಡಿನಲ್ಲಿ ಸಿಂದಗಿ ಕಡೆಯ ಗೌಂಡಿಯೊಬ್ಬರಿದ್ದಾರೆ. ಊರಲ್ಲಿ ಭಜನಿ ಮೇಳದಲ್ಲಿ ಹಾಡುತ್ತಿದ್ದವರು. ಏಕತಾರಿ, ದಮ್ಮಡಿ, ತಾಳ ಹಿಡಿದು ಮೂವರು ನಮ್ಮ ಮನೆಗೆ ಬಂದರು. ಹೊರಗೆ ಟ್ರಕ್ಕಿನ ಸದ್ದು, ಒಳಗೆ ಗೋಡೆಗೆ ಬಡಿದು ದನಿ ತಿರುಗುತ್ತಿತ್ತು. ನನ್ನ ಹೆಂಡತಿ ಟ್ರಂಕಿನಿಂದ ಐದು ಕೌದಿ ತೆಗೆದು ಕಿಟಕಿಗೂ ಗೋಡೆಗೂ ತೂಗುಹಾಕಿದಳು. ಅವಳ ಅವ್ವ ಹೊಲಿದ ಕೌದಿಗಳು. ದನಿ ತಿರುಗುವುದು ನಿಂತಿತು. ಫ್ಯಾನ್ ಬಂದ್ ಮಾಡಿದ್ದಕ್ಕೆ ಎಲ್ಲರೂ ಬೆವರಿನಲ್ಲಿ ತೊಯ್ದು ಹೋದರು. ಮೂರನೇ ಪದದ ನಡುವೆ ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆಯಿತು, ಮತ್ತೆ ಹಾಡಿದರು. ಎರಡು ಸಂಜೆ ರೆಕಾರ್ಡಿಂಗ್, ಆಮೇಲೆ ಮಗನ ಲ್ಯಾಪ್‌ಟಾಪಿನಲ್ಲಿ ಒಂಬತ್ತು ಗಂಟೆ ಕತ್ತರಿಸಿ ಜೋಡಿಸುವ ಕೆಲಸ. ಒಂದು ಗಂಟೆಯ ಕಾರ್ಯಕ್ರಮಕ್ಕೆ ಇಷ್ಟು.

ಆ ಭಾನುವಾರ 14 ಫೋನ್ ಬಂದವು. ವಾಚ್‌ಮನ್ ಮೊದಲನೆಯವರು. ಹಾಡಿದವರ ಊರು ಯಾವುದು, ಮನೆತನ ಯಾವುದು ಅಂತ ಕೇಳಿದರು. ಗೌಂಡಿಯವರ ಮಗಳು ಸಿಂದಗಿಯಿಂದ ಫೋನ್ ಮಾಡಿದಳು. ನಮ್ಮ ರೇಡಿಯೊ ಅಲ್ಲಿಗೆ ಕೇಳುವುದಿಲ್ಲ. ಶೆಡ್ಡಿನಲ್ಲಿ ಯಾರೋ ಮೊಬೈಲನ್ನು ರೇಡಿಯೊ ಹತ್ತಿರ ಹಿಡಿದು ಕೇಳಿಸಿದ್ದರಂತೆ.

ಆದರೆ ನಾವು ನಾಲ್ಕೇ ಜನ. ಇದನ್ನು ವಾರ ವಾರ ಮಾಡಲು ನಮ್ಮಿಂದ ಆಗುವುದಿಲ್ಲ. ದುಡ್ಡಿನ ಮಾತೂ ಹೇಳಿಬಿಡುತ್ತೇನೆ. 2024ರ ಮಾರ್ಗಸೂಚಿಯಲ್ಲಿ ಸಮುದಾಯ ರೇಡಿಯೊಗೆ ಗಂಟೆಗೆ 12 ನಿಮಿಷ ಜಾಹೀರಾತು ಹಾಕಲು ಬಿಟ್ಟಿದ್ದಾರೆ. ಮೊದಲು 7 ನಿಮಿಷ ಇತ್ತು. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 74 ರೂಪಾಯಿ. ಪೂರ್ತಿ ತುಂಬಿದರೆ ಗಂಟೆಗೆ 5,328 ರೂಪಾಯಿ. ನಮ್ಮ ಭಾನುವಾರಕ್ಕೆ ಸಿಗುವುದು ಒಂದು ಔಷಧಿ ಅಂಗಡಿ, ಒಂದು ಖಾನಾವಳಿ. ಅಷ್ಟರಲ್ಲಿ ಒಬ್ಬ ಹುಡುಗನನ್ನು ಸಂಬಳಕ್ಕೆ ಇಟ್ಟುಕೊಳ್ಳಲೂ ಆಗದು.

ಹಾಗಾಗಿ ಪುಣೆ, ಮುಂಬಯಿಯ ಕನ್ನಡ ಸಂಘಗಳವರಲ್ಲಿ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ರಾಜ್ಯೋತ್ಸವಕ್ಕೆ ನೀವು ಪೆಂಡಾಲು, ಹಾರ, ಊಟ, ಎಲ್ಲಕ್ಕೂ ಖರ್ಚು ಮಾಡುತ್ತೀರಿ. ವೇದಿಕೆ ಮೇಲೆ ಎಷ್ಟು ಚೆನ್ನಾಗಿ ಹಾಡುವವರು ಇರುತ್ತಾರೆ! ಹಾಡಿ ಇಳಿದರು ಅಂದರೆ ಅಲ್ಲಿಗೆ ಮುಗಿಯಿತು. ಅದನ್ನೇ ಒಂದು ಒಳ್ಳೆಯ ಮೈಕಿನಿಂದ ರೆಕಾರ್ಡ್ ಮಾಡಿ ಕೊಡಿ. ಸಂಘಕ್ಕೊಬ್ಬ ಹುಡುಗ ಅಥವಾ ಹುಡುಗಿ ಈ ಕೆಲಸ ಕಲಿತರೆ ಸಾಕು, ಕಲಿಸಲು ನಾನು ಬರುತ್ತೇನೆ. ಜೊತೆಗೆ ಹಾಡಿದವರ ಹೆಸರು, ಊರು, ಪದ ಯಾರಿಂದ ಕಲಿತರು ಅನ್ನುವುದು, ಪ್ರಸಾರಕ್ಕೆ ಒಪ್ಪಿಗೆ ಇದೆ ಅಂತ ಸಹಿ ಮಾಡಿದ ಒಂದು ಚೀಟಿ. ಕರೋಕೆ ಮೇಲೆ ಹಾಡಿದ ಸಿನಿಮಾ ಹಾಡು ಮಾತ್ರ ಬೇಡ, ಅದನ್ನು ನಾವು ಹಾಕುವಂತಿಲ್ಲ.

ಇನ್ನೊಂದು ಕೋರಿಕೆ ಕರ್ನಾಟಕದ ಕೇಂದ್ರಗಳವರಿಗೆ. ಮಂಗಳೂರಿನ ರೇಡಿಯೊ ಸಾರಂಗ್, ರೇಡಿಯೊ ಮಣಿಪಾಲ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಬಾನುಲಿ, ಹೀಗೆ ನಮ್ಮ ಹಾಗೆ ಜನರ ನಡುವೆ ಕೆಲಸ ಮಾಡುವವರು ಎಷ್ಟೋ ಇದ್ದೀರಿ. ನಿಮ್ಮಲ್ಲಿ ಹಾಡಿದ ಜನಪದ ನಮಗೆ ಕೊಡಿ, ನಮ್ಮಲ್ಲಿ ಹಾಡಿದ್ದು ನೀವು ತೆಗೆದುಕೊಳ್ಳಿ. ಸಿಂದಗಿಯ ಗೌಂಡಿ ಪುಣೆಯಲ್ಲಿ ಹಾಡಿದ ಪದ ಧಾರವಾಡದಲ್ಲಿ ಕೇಳಿಸಿದರೆ ಎಷ್ಟು ಚೆಂದ ಅಲ್ವಾ? ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕು ಅಂತ ನಿಯಮ ಇದೆ. ಉಳಿದ ಅರ್ಧದಲ್ಲಿ ಹೀಗೆ ಕೊಟ್ಟು ತೆಗೆದುಕೊಳ್ಳಲು ಬೇಕಾದಷ್ಟು ಜಾಗ ಇದೆ. ಒಬ್ಬರು ನಿಂತರೂ ಎಲ್ಲವೂ ನಿಲ್ಲುವುದಿಲ್ಲ.

ಕೊನೆಗೆ ತಮ್ಮಲ್ಲಿ. ಹಿಂದೆ ಪತ್ರಿಕೆಗಳಲ್ಲಿ ಆಕಾಶವಾಣಿಯ ಕಾರ್ಯಕ್ರಮಗಳ ಪಟ್ಟಿ ಬರುತ್ತಿತ್ತು. ನಮ್ಮಪ್ಪ ಧಾರವಾಡ ಕೇಂದ್ರದ ಹೊತ್ತಿಗೆ ಪೆನ್ಸಿಲಿನಿಂದ ಗೆರೆ ಹಾಕಿ ಇಡುತ್ತಿದ್ದರು. ಶನಿವಾರದ ಸಂಚಿಕೆಯಲ್ಲಿ ಸಣ್ಣ ಕೇಂದ್ರಗಳ ಕನ್ನಡ ಕಾರ್ಯಕ್ರಮಗಳಿಗೆ ನಾಲ್ಕು ಸಾಲು ಜಾಗ ಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ.

ಬರುವ ಭಾನುವಾರಕ್ಕೆ ಚಿಂಚವಡದ ಒಂದು ಮಹಿಳಾ ಭಜನಾ ಮಂಡಳಿಯ ರೆಕಾರ್ಡಿಂಗ್ ಸಿದ್ಧವಾಗಿದೆ. ಅದರ ಮುಂದಿನ ಭಾನುವಾರಕ್ಕೆ ಇನ್ನೂ ಏನೂ ಇಲ್ಲ.

ಇತಿ ನಿಮ್ಮ ಓದುಗ,
ನಿಗಡಿ, ಪುಣೆ