ಕಾಲರಾ ರೋಗಾಣು ವಿಷ ಕಾರುವುದು ಯಾವಾಗ?

ಮಾನ್ಯರೇ,

ಕಾಲರಾ ಕುರಿತ ವರದಿಗಳು ಸಾಮಾನ್ಯವಾಗಿ ಕಲುಷಿತ ನೀರಿನ ಪ್ರಸ್ತಾಪಕ್ಕೇ ನಿಂತುಬಿಡುತ್ತವೆ. ಆದರೆ ನೀರಿನಲ್ಲಿರುವಾಗ ಈ ರೋಗಾಣು ತನ್ನ ವಿಷದ ಜೀನುಗಳನ್ನು ಬಹುಮಟ್ಟಿಗೆ ಅದುಮಿಟ್ಟುಕೊಂಡಿರುತ್ತದೆ. ಸಣ್ಣಕರುಳನ್ನು ಸೇರಿ, ಪಿತ್ತರಸವೇ ಮೊದಲಾದ ಸೂಚನೆಗಳು ದೊರೆತ ಮೇಲೆ, ಅದರ ಪೊರೆಯಲ್ಲಿರುವ ಟಾಕ್ಸ್‌ಆರ್ ಮತ್ತು ಟಿಸಿಪಿ-ಪಿ ಎಂಬ ಪ್ರೋಟೀನುಗಳು ಟಾಕ್ಸ್‌ಟಿ ಜೀನನ್ನು ಚಾಲೂ ಮಾಡುತ್ತವೆ. ಅದರಿಂದ ತಯಾರಾಗುವ ಪ್ರೋಟೀನು, ಕರುಳಿನಲ್ಲಿ ನೆಲೆಯೂರಲು ಬೇಕಾದ ತಂತುಗಳ ಜೀನುಗಳನ್ನೂ ವಿಷದ ಜೀನುಗಳನ್ನೂ ಒಟ್ಟಿಗೇ ಎಬ್ಬಿಸುತ್ತದೆ. ಸೋಜಿಗವೆಂದರೆ, ಆ ವಿಷದ ಜೀನುಗಳು ರೋಗಾಣುವಿನ ಪಿತ್ರಾರ್ಜಿತವಲ್ಲ, ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್ಸೊಂದು ತಂದುಕೊಟ್ಟವು ಎಂಬುದು 1996ರಲ್ಲಿ ಬೆಳಕಿಗೆ ಬಂತು. ರೋಗಾಣುಗಳ ಸಂಖ್ಯೆ ಹೆಚ್ಚಿದಾಗ ಅವು ರಾಸಾಯನಿಕ ಸಂಕೇತಗಳ ಮೂಲಕ ಅದನ್ನು ಅರಿತು, ಹ್ಯಾಪ್‌ಆರ್ ಎಂಬ ಪ್ರೋಟೀನಿನ ನೆರವಿನಿಂದ ವಿಷದ ತಯಾರಿಕೆಯನ್ನು ತಗ್ಗಿಸುತ್ತವೆ.

ಇಂಥದೊಂದು ವಿಷವಿದೆಯೆಂದು ಮೊಲದ ಕರುಳಿನ ಮೇಲಿನ ಪ್ರಯೋಗದಿಂದ 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯ ಶಂಭುನಾಥ ಡೇ. (ಅವರ ಹೆಸರು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?) ರೋಗಾಣುವನ್ನು ಕೊಲ್ಲದೆ ಟಾಕ್ಸ್‌ಟಿಯನ್ನಷ್ಟೇ ತಡೆಯುವ ವಿರ್‌ಸ್ಟಾಟಿನ್ ಎಂಬ ಸಂಯುಕ್ತ ಇಲಿಮರಿಗಳಲ್ಲಿ ಫಲ ನೀಡಿದೆ, ಮನುಷ್ಯರಿಗೆ ಸದ್ಯಕ್ಕೆ ಓಆರ್‌ಎಸ್ ದ್ರಾವಣವೇ ಮುಖ್ಯ ಆಸರೆ. ಮುಂದಿನ ವರದಿಗಳಲ್ಲಿ ಈ ವಿವರಗಳಿಗೂ ನಾಲ್ಕು ಸಾಲಿನ ಜಾಗ ಕೊಡಬೇಕೆಂದು ಕೋರುತ್ತೇನೆ.

– ಜೀವವಿಜ್ಞಾನ ಶಿಕ್ಷಕ, ಧಾರವಾಡ