ಮರವೋ ಹುಲ್ಲೋ ಕೇಳುವ ಮೊದಲು ನೆಲದಡಿ ಏನಿದೆ ನೋಡಿ

ಸಂಪಾದಕರಿಗೆ ನಮಸ್ಕಾರ,

ಮನೆ ಮುಂದಿನ ಜಾಗಕ್ಕೆ ಮರ ಒಳ್ಳೆಯದೋ ಅಲಂಕಾರದ ಹುಲ್ಲು ಒಳ್ಳೆಯದೋ ಅನ್ನೋ ಜಗಳ ಈಗ ನಮ್ಮ ಬಡಾವಣೆಯಲ್ಲೂ ಶುರುವಾಗಿದೆ. ಮರದ ಪಕ್ಷದವರು ಹುಲ್ಲು ಅಂದರೆ ಮೂಗು ಮುರಿಯುತ್ತಾರೆ. ಹುಲ್ಲಿನವರಿಗೆ ಮರ ಅಂದರೆ ದಿನಾ ಗುಡಿಸೋ ಎಲೆ, ಕಾರಿನ ಮೇಲೆ ಕಾಗೆ ಹಿಕ್ಕೆ, ಕಾಂಪೌಂಡ್ ಸೀಳೋ ಬೇರು. ಇಬ್ಬರದ್ದೂ ಅರ್ಧ ಸರಿ. ಆದರೆ ಇಬ್ಬರೂ ನೋಡುವುದು ಫೋಟೊದಲ್ಲಿ ಹೇಗೆ ಕಾಣುತ್ತೆ ಅಂತ. ನೆಲದ ಕೆಳಗೆ ಏನಿದೆ ಅಂತ ಯಾರೂ ಕೇಳುವುದಿಲ್ಲ, ನಿಮ್ಮ ತೋಟಗಾರಿಕೆ ಅಂಕಣಗಳೂ ಸೇರಿದಂತೆ. ಅದಕ್ಕೇ ಈ ಪತ್ರ.

30x40 ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಉಳಿಯೋದು ಎಷ್ಟು? ಮುಂದೆ ಒಂದು ಪಟ್ಟಿ, ಪಕ್ಕದಲ್ಲಿ ಅಡ್ಡ ತಿರುಗಿ ನಡೆಯಬೇಕಾದ ಓಣಿ. ಆ ಪಟ್ಟಿಯಲ್ಲೇ ಸಂಪು, ಮೋಟಾರಿನ ಪೈಪು, ಒಳಚರಂಡಿಯ ಚೇಂಬರು, ಮೇಲೆ ಕಾರು. ಇಷ್ಟರ ಮಧ್ಯೆ ಕೆಂಪು ಹೂವಿನ ಆಸೆಗೆ ಗುಲ್‌ಮೊಹರ್ ನೆಡುವವರಿದ್ದಾರೆ. ಅದು ಮಡಗಾಸ್ಕರ್‌ನ ಮರ. ಬೇರು ಮೇಲೆಮೇಲೆಯೇ ಹರಡುತ್ತದೆ, ಕೊಂಬೆ ಬಲು ಪೆಡಸು. ಏಪ್ರಿಲ್-ಮೇ ತಿಂಗಳಲ್ಲಿ ಗುಡುಗುಮಳೆ ಹೊಡೆದ ಮಾರನೇ ದಿನ ನಿಮ್ಮ ಪತ್ರಿಕೆಯಲ್ಲಿ ಮುರಿದು ಬಿದ್ದ ಮರದ ಚಿತ್ರ ಬರುತ್ತದಲ್ಲ, ಅದರಲ್ಲಿ ಇದು ಆಗಾಗ ಇರುತ್ತದೆ. ಸಂಪಿನ ಪಕ್ಕ ಇಂಥ ಮರ ಬೇಡ. ಅಲ್ಲಿ ಹುಲ್ಲು ಹಾಕಿದರೆ ಯಾರೂ ನಗಬೇಕಾಗಿಲ್ಲ.

ಅಪಾರ್ಟ್‌ಮೆಂಟ್‌ಗಳ ಕತೆ ಇನ್ನೊಂದು ತರಹ. ನಮ್ಮ ಹತ್ತಿರದ ಒಂದು ಕಾಂಪ್ಲೆಕ್ಸಿನ 'ಗಾರ್ಡನ್' ಪೂರ್ತಿ ಬೇಸ್‌ಮೆಂಟ್ ಪಾರ್ಕಿಂಗ್‌ನ ಸ್ಲ್ಯಾಬಿನ ಮೇಲೆ ಕೂತಿದೆ. ಎರಡಡಿ ಮಣ್ಣು, ಅದರ ಕೆಳಗೆ ಕಾಂಕ್ರೀಟು, ಅದರ ಕೆಳಗೆ ಕಾರುಗಳು. ಅಲ್ಲಿ ಕಾಂಟ್ರಾಕ್ಟರ್ ಸಾಲಾಗಿ ದೊಡ್ಡ ಜಾತಿಯ ಸಸಿ ನಿಲ್ಲಿಸಿ ಬಿಲ್ಲು ಮಾಡಿ ಹೋಗಿದ್ದಾನೆ. ಬೇರಿಗೆ ಕೆಳಗೆ ಇಳಿಯೋಕೆ ದಾರಿಯಿಲ್ಲ, ಹಾಗಾಗಿ ಪಕ್ಕಕ್ಕೆ ಹರಡುತ್ತದೆ. ತಲೆ ಭಾರವಾದ ಮೇಲೆ ಜೋರು ಗಾಳಿ ತಡೆಯುವುದಿಲ್ಲ, ಬೇರು ವಾಟರ್‌ಪ್ರೂಫಿಂಗ್ ಒಡೆದರೆ ಕೆಳಗೆ ಸೋರುತ್ತದೆ, ಆಮೇಲೆ ಬೈಗುಳ ಮಾತ್ರ ಮರಕ್ಕೆ. ಇಂಥ ಕಡೆ ಹುಲ್ಲೇ ಸರಿ ಅಂತ ಮರ ಪ್ರೀತಿಸುವ ನಾನೇ ಹೇಳುತ್ತೇನೆ.

ಆದರೆ ಯಾವ ಹುಲ್ಲು? ರಸ್ತೆಯ ಡಿವೈಡರ್‌ನಲ್ಲಿ, ಟೆಕ್ ಪಾರ್ಕ್ ಗೇಟುಗಳಲ್ಲಿ ಈಗ ಎಲ್ಲೆಲ್ಲೂ ಕಾಣೋದು ಫೌಂಟನ್ ಗ್ರಾಸ್. ಮೂರ್ನಾಲ್ಕು ಅಡಿ ಎತ್ತರ, ತೆಳ್ಳಗಿನ ಎಲೆ ಬಿಲ್ಲಿನಂತೆ ಬಾಗಿರುತ್ತದೆ, ತುದಿಯಲ್ಲಿ ಮೆತ್ತನೆಯ ಕುಚ್ಚು. ಸಂಜೆ ಬಿಸಿಲು ಹಿಂದಿನಿಂದ ಬಿದ್ದಾಗ ಚೆಂದವೇ, ಇಲ್ಲ ಅನ್ನಲ್ಲ. ಬೇರು ಹಿಡಿದ ಮೇಲೆ ದಿನಾ ನೀರು ಕೇಳುವುದಿಲ್ಲ. ವರ್ಷಕ್ಕೊಮ್ಮೆ ಬುಡದ ಹತ್ತಿರ ಕತ್ತರಿಸಿದರೆ ಹೊಸದಾಗಿ ಚಿಗುರುತ್ತದೆ. ಪೂರ್ತಿ ಬಿಸಿಲು ಮಾತ್ರ ಬೇಕು, ಎರಡು ಕಟ್ಟಡಗಳ ಸಂದಿಯಲ್ಲಿ ನೆಟ್ಟರೆ ಸೊರಗುತ್ತದೆ. ಲಾನ್‌ಗೆ ಹೋಲಿಸಿದರೆ ಎಷ್ಟೋ ಮೇಲು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಹೇಳಿದ್ದು ಮರೆತಿಲ್ಲ ತಾನೇ? ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತರುವ ಕಾವೇರಿ ನೀರನ್ನು ಲಾನ್‌ಗೆ ಸುರಿಯೋದಕ್ಕಿಂತ ಇದು ವಾಸಿ.

ಒಂದು ತಕರಾರು ಇದೆ. ಹಸಿರು ಎಲೆಯ ಫೌಂಟನ್ ಗ್ರಾಸ್ ಮೂಲತಃ ಉತ್ತರ ಆಫ್ರಿಕಾ ಕಡೆಯದು, ಬೀಜ ಗಾಳಿಯಲ್ಲಿ ಹಾರಿ ಕಂಡಕಂಡಲ್ಲಿ ಹುಟ್ಟುತ್ತದೆ. ಹವಾಯಿ ದ್ವೀಪಗಳಲ್ಲಿ ಅದು ಕಳೆಯಾಗಿ ಹಬ್ಬಿದೆ. ಒಣಗಿದಾಗ ಬೇಗ ಬೆಂಕಿ ಹಿಡಿಯುತ್ತದೆ, ಸುಟ್ಟ ಮೇಲೆ ಮತ್ತೆ ಅದೇ ಮೊದಲು ಚಿಗುರುತ್ತದೆ. ನೇರಳೆ ಬಣ್ಣದ ತಳಿಯಲ್ಲಿ ಹುಟ್ಟುವ ಬೀಜ ತೀರಾ ಕಡಿಮೆ. ಹಾಗಾಗಿ ಬೇಕೇ ಬೇಕು ಅಂದರೆ ನೇರಳೆಯದನ್ನೇ ಕೇಳಿ ತನ್ನಿ. ವಿದೇಶಿ ಅಂತ ನನ್ನ ಸಿಟ್ಟಲ್ಲ. ಜಕರಂಡ ದಕ್ಷಿಣ ಅಮೆರಿಕದ್ದು, ಗುಲಾಬಿ ಟಬೆಬುಯಾ ಮಧ್ಯ ಅಮೆರಿಕದ ಕಡೆಯದು, ಅವಿಲ್ಲದೆ ಬೆಂಗಳೂರನ್ನು ನೆನೆಸಿಕೊಳ್ಳೋಕಾಗುತ್ತಾ? 1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್ ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವ ಹಾಗೆ ಯೋಚಿಸಿ ಊರಲ್ಲಿ ಮರ ನೆಡಿಸಿದರು. ಯೋಚಿಸಿ ನೆಡುವುದು ಅಂದರೆ ಅದು. ಈಗ ಸ್ಟಾಕ್‌ನಲ್ಲಿ ಏನಿದೆಯೋ ಅದೇ ನಮ್ಮ ತೋಟ.

ನಮ್ಮ ಹುಲ್ಲುಗಳನ್ನೂ ಒಮ್ಮೆ ನೋಡಿ. ಲಾವಂಚದ ಬೇರು ಎರಡು-ಮೂರು ಮೀಟರ್ ನೇರ ಕೆಳಗೆ ಇಳಿಯುತ್ತದೆ, ಪಕ್ಕಕ್ಕೆ ಹಬ್ಬಿ ಕಾಟ ಕೊಡುವುದಿಲ್ಲ. ಮಳೆನೀರು ಹರಿದು ಮಣ್ಣು ಕೊಚ್ಚುವ ಇಳಿಜಾರಿಗೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಸ್ಲ್ಯಾಬಿನ ಮೇಲಿನ ಕಡಿಮೆ ಮಣ್ಣಿಗೆ ಮಜ್ಜಿಗೆ ಹುಲ್ಲು, ಅಂದರೆ ಲೆಮನ್ ಗ್ರಾಸ್, ಸಾಕು. ನೋಡೋಕೆ ಫೌಂಟನ್ ಗ್ರಾಸ್‌ನಷ್ಟೇ ಸೊಂಪು, ಕುಚ್ಚು ಇಲ್ಲ ಅಷ್ಟೇ, ಮೇಲಿಂದ ಕಷಾಯಕ್ಕೂ ಆಯಿತು. ಎಲೆ ಅಂಚು ಕೈ ಕೊಯ್ಯುತ್ತದೆ, ಮಕ್ಕಳು ಓಡಾಡುವ ದಾರಿಯಿಂದ ಸ್ವಲ್ಪ ದೂರ ಇರಲಿ.

ಇನ್ನು ನಿಜವಾದ ಮಣ್ಣು ಇರುವ ಕಡೆ. ಅಲ್ಲಿ ಮರವನ್ನು ಬಿಟ್ಟು ಹುಲ್ಲು ಹಾಕುವವರನ್ನು ಕಂಡರೆ ಮಾತ್ರ ನನಗೆ ಬೇಜಾರು. ಪಡುವಣ ದಿಕ್ಕಿನ ಗೋಡೆಗೆ ಮಧ್ಯಾಹ್ನ ಮೂರರ ಮೇಲೆ ಬೀಳುವ ಬಿಸಿಲು ರಾತ್ರಿಯವರೆಗೂ ಬೆಡ್‌ರೂಮನ್ನು ಕಾಯಿಸುತ್ತದೆ. ನಾಲ್ಕಡಿ ಹುಲ್ಲು ಅದನ್ನು ತಡೆಯುತ್ತಾ? ಬೆಂಗಳೂರಿನ ಬೀದಿ ಮರಗಳ ಬಗ್ಗೆ 2013ರಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. ಮರವಿರುವ ರಸ್ತೆಗಳಲ್ಲಿ ಗಾಳಿ 5.6 ಡಿಗ್ರಿವರೆಗೆ ತಣ್ಣಗಿತ್ತು, ಟಾರು ನೆಲವಂತೂ 27.5 ಡಿಗ್ರಿವರೆಗೆ. ಉದ್ದಕ್ಕೆ ಕಂಬದ ಹಾಗೆ ಬೆಳೆಯುವ ಅಶೋಕವನ್ನು ಕಾಂಪೌಂಡ್ ಸುತ್ತ ನೆಟ್ಟು ಮರ ಬೆಳೆಸಿದೆವು ಅನ್ನುವವರೂ ಇದ್ದಾರೆ. ಅದರಡಿ ಒಂದು ಸ್ಕೂಟರ್‌ಗೂ ನೆರಳು ಸಿಗುವುದಿಲ್ಲ.

ರಸ್ತೆ ಅಂಚಿಗೆ, ದೊಡ್ಡ ಸೈಟಿಗೆ ನನ್ನ ಓಟು ಹೊಂಗೆಗೆ. ಚಳಿ ಮುಗಿಯುವಾಗ ಎಲೆ ಉದುರಿಸಿ, ಬಿಸಿಲು ಕಾವೇರುವ ಹೊತ್ತಿಗೆ ಸರಿಯಾಗಿ ಹೊಸ ಎಲೆ ಹೊದ್ದು ನಿಂತಿರುತ್ತದೆ. ಮೊದಲು ಎಲೆ ತೆಳು, ಎಣ್ಣೆ ಹಚ್ಚಿದಂತೆ ಹೊಳಪು. ಆಮೇಲೆ ಹೂವು, ಬೆಳಗ್ಗೆ ಬುಡದಲ್ಲಿ ಕಡ್ಲೆಪುರಿ ಚೆಲ್ಲಿದ ಹಾಗೆ. ಮರದ ತುಂಬ ಜೇನು. ಎಲೆ ಮೇಲೆ ಗಂಟುಗಂಟು ಎದ್ದಿದೆ ಅಂತ ಗಾಬರಿಯಾಗಿ ಔಷಧಿ ಹೊಡೆಸುವವರಿಗೆ ಒಂದು ಮಾತು: ಅದು ಸಣ್ಣ ನುಸಿಯ ಕೆಲಸ, ಹೊಂಗೆಗೆ ಅದು ಮಾಮೂಲು, ಮರ ಸಾಯುವುದಿಲ್ಲ. ಸುಮ್ನೆ ಬಿಡಿ.

ಆದರೆ 30x40ರ ಒಳಗೆ ಹೊಂಗೆ ಬೇಡ, ಅದು ಅಗಲಕ್ಕೆ ಹರಡುವ ಮರ. ಪಾರಿಜಾತ, ಕರಿಬೇವು, ಸೀಬೆ ಸಾಕು. ಸ್ವಲ್ಪ ಜಾಸ್ತಿ ಜಾಗ ಇದ್ದರೆ ಕಕ್ಕೆ ಅಥವಾ ಹೊಳೆ ದಾಸವಾಳ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಹೊಂಗೆ, ಬೇವು, ನೇರಳೆಯಂಥ ಸಸಿಗಳು ಕಡಿಮೆ ಬೆಲೆಗೆ ಸಿಗುತ್ತವೆ. ಫ್ಯಾನ್ಸಿ ನರ್ಸರಿಯಲ್ಲಿ ಹುಲ್ಲಿನ ಒಂದು ಕುಂಡಕ್ಕೆ ಕೊಡುವ ದುಡ್ಡು ಅಲ್ಲಿ ಬೇಕಾಗುವುದಿಲ್ಲ.

ಇನ್ನೊಂದು ವಿಷಯ ಯಾರೂ ಮುಂಚೆ ಹೇಳುವುದಿಲ್ಲ. ಹುಲ್ಲು ಬೇಡ ಅನಿಸಿದರೆ ಒಂದು ಮಧ್ಯಾಹ್ನದಲ್ಲಿ ಕಿತ್ತು ಹಾಕಬಹುದು. ಮರ ಹಾಗಲ್ಲ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ನಿಮ್ಮದೇ ಸೈಟಿನ ಮರವಾದರೂ ಸಾಮಾನ್ಯವಾಗಿ ಮರ ಅಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಇರುವ ಮರ ಕಡಿದು ಹುಲ್ಲು ಹಾಕಿಸೋಣ ಅಂತ ಮೀಟಿಂಗಿನಲ್ಲಿ ಕೈ ಎತ್ತುವವರಿಗೆ ಇದು ಗೊತ್ತಿರಲಿ. ಅನುಮತಿ ಯಾಕೆ ಅಂತ ಬುಡದವರೆಗೂ ಸಿಮೆಂಟು ಬಳಿದು, ನೀರು ಇಳಿಯದಂತೆ ಮಾಡಿ, ಒಣಗಿದ ಮೇಲೆ 'ಅಪಾಯಕಾರಿ ಮರ' ಅಂತ ಅರ್ಜಿ ಹಾಕುವ ಜಾಣರನ್ನೂ ನೋಡಿದ್ದೇವೆ, ಅಲ್ವಾ?

ನಿಮ್ಮಲ್ಲಿ ಒಂದು ಬೇಡಿಕೆ. ಗಿಡಗಳ ಬಗ್ಗೆ ಬರೆಸುವಾಗ ಹೂವಿನ ಫೋಟೊ ಜೊತೆ ಎಷ್ಟು ಆಳ ಮಣ್ಣು ಬೇಕು, ಗೋಡೆಯಿಂದ, ಸಂಪಿನಿಂದ ಎಷ್ಟು ದೂರ ಇರಬೇಕು, ಬೆಳೆದ ಮೇಲೆ ಎಷ್ಟು ಅಗಲ ಆಗುತ್ತೆ, ಇಷ್ಟನ್ನೂ ಹಾಕಿಸಿ. ಮುಂಗಾರಿಗೆ ಮೊದಲೇ ಹಾಕಿಸಿದರೆ ಇನ್ನೂ ಒಳ್ಳೆಯದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಟ್ಟರೆ ಮರವಾಗಲಿ ಹುಲ್ಲಾಗಲಿ ಬೇರು ಬೇಗ ಕಚ್ಚುತ್ತದೆ, ಮೊದಲ ಒಂದೆರಡು ಬೇಸಿಗೆಗೆ ತರಕಾರಿ ತೊಳೆದ ನೀರು ಹಾಕಿಕೊಂಡು ಕಾಪಾಡಿದರೆ ಸಾಕಾಗುತ್ತದೆ.

ಇತಿ,
ನಿಮ್ಮ ಓದುಗ, ಬನಶಂಕರಿ, ಬೆಂಗಳೂರು