ಬಿಲ್ಲಿನಲ್ಲಿ ಇನ್ನು ಮುಂದೆ ಎರಡು ಬೆಲೆ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಬರುವ ಭೂಮಿ ಹುಣ್ಣಿಮೆಯಿಂದ ನಮ್ಮ ಅಂಗಡಿಯ ಬಿಲ್ಲು ಬದಲಾಗುತ್ತದೆ. ಹಳೆ ನಾಣ್ಯಕ್ಕೆ ಇಷ್ಟು ದಿನ ಒಟ್ಟು ಮೊತ್ತ ಮಾತ್ರ ಬರೆಯುತ್ತಿದ್ದೆವು. ಇನ್ನು ಲೋಹದ ಬೆಲೆ ಒಂದು ಸಾಲು, ನಾಣ್ಯದ ಬೆಲೆ, ಅಂದರೆ ಸಂಗ್ರಹಕಾರರು ಲೋಹದ ಬೆಲೆಯ ಮೇಲೆ ಕೊಡುವುದು, ಇನ್ನೊಂದು ಸಾಲು. ನೀವು ಮಾರಲು ತಂದಾಗಲೂ ಹೀಗೆಯೇ.

ಬೆಳ್ಳಿ ದರ ಏರಿದ ಮೇಲೆ ಮನೆಮನೆಯ ಪೆಟ್ಟಿಗೆಯಿಂದ ಹಳೆ ರೂಪಾಯಿಗಳು ಹೊರಗೆ ಬರುತ್ತಿವೆ. ಅಡಿಕೆ ದುಡ್ಡು ಬಂದಾಗ ಕೊಳ್ಳುವವರೂ ಜಾಸ್ತಿಯಾಗಿದ್ದಾರೆ. ಇಬ್ಬರಿಗೂ ತಾವು ಯಾವುದಕ್ಕೆ ಎಷ್ಟು ಕೊಟ್ಟೆವು, ಎಷ್ಟು ಪಡೆದೆವು ಎಂಬುದು ಕಾಣಬೇಕು ಅಲ್ವಾ?

ವಿಕ್ಟೋರಿಯಾ ರಾಣಿಯ ರೂಪಾಯಿ 11.66 ಗ್ರಾಂ, ಅಂದರೆ ಒಂದು ತೊಲ. ಅದರಲ್ಲಿ ಸುಮಾರು 10.7 ಗ್ರಾಂ ಬೆಳ್ಳಿ. ಯುದ್ಧದ ಕಾಲದಲ್ಲಿ, 1940ರಲ್ಲಿ, ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ನಿಕ್ಕಲ್. ತಕ್ಕಡಿಗೆ ಹಾಕಿದರೆ 1918ರದ್ದೂ 1944ರದ್ದೂ ಒಂದೇ ತೂಕ. ಬೆಳ್ಳಿ ಮಾತ್ರ ಒಂದರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಮೊದಲ ಸಾಲು ಇದಕ್ಕೆ.

ಎರಡನೆಯದು ನಮಗೆ ಬಹಳ ಪ್ರೀತಿಯ ಸಾಲು. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆ ಎಂದು ಜನ ಬೇಸರಪಟ್ಟರು. ಸರ್ಕಾರ ಆ ನಾಣ್ಯವನ್ನು ವಾಪಸ್ ಪಡೆದು ಬಹುಪಾಲು ಕರಗಿಸಿತು. 1912ರಲ್ಲಿ ಆನೆಯ ಚಿತ್ರ ತಿದ್ದಿ ಅಚ್ಚು ಹಾಕಿದರು. ಎರಡರಲ್ಲೂ ಇರುವ ಬೆಳ್ಳಿ ಒಂದೇ, ಆದರೆ ಸಂಗ್ರಹಕಾರರು 1911ರದ್ದಕ್ಕೆ ಹೆಚ್ಚು ಕೊಡುತ್ತಾರೆ.

ಕೆಳದಿ ನಾಯಕರ ಚಿನ್ನದ ನಾಣ್ಯ, ನಮ್ಮ ಇಕ್ಕೇರಿ ವರಹವನ್ನೇ ನೋಡಿ. ಬಂಗಾರ ಮೂರೂವರೆ ಗ್ರಾಮಿನ ಒಳಗೆ. ಮುಂಬದಿಯಲ್ಲಿ ಶಿವ ಪಾರ್ವತಿ. 1763ರಲ್ಲಿ ಆ ನಾಯಕರ ರಾಜಧಾನಿ ಬಿದನೂರು, ಅಂದರೆ ಇಂದಿನ ನಗರ, ಹೈದರಾಲಿಯ ಕೈಸೇರಿತು. ಅವನು ಶಿವ ಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ. ಇಂಥದ್ದನ್ನು ಬಳೆಗೆಂದು ಕರಗಿಸುವುದನ್ನು ನೆನೆದರೇ ಸಂಕಟವಾಗುತ್ತದೆ. ಅದಕ್ಕೇ ಕರಗಿಸಲು ತಂದ ಹಳೆ ನಾಣ್ಯಗಳನ್ನು ಮೊದಲು ನಿಮ್ಮೆದುರೇ ನೋಡಿ, ಎರಡೂ ಬೆಲೆ ಬರೆದು ಕೊಡುತ್ತೇವೆ. ಅದಕ್ಕೆ ದುಡ್ಡಿಲ್ಲ. ಮಾರುವುದು, ಬಿಡುವುದು ನಿಮ್ಮಿಷ್ಟ.

ನೀವು ವಾಪಸ್ ತಂದಾಗ ಲೋಹದ ಸಾಲಿಗೆ ಆ ದಿನದ ದರ ಸಿಗುತ್ತದೆ. ನಾಣ್ಯದ ಸಾಲಿಗೆ ನಾವು ಮಾತು ಕೊಡುವುದಿಲ್ಲ. ಅದು ಸವೆತ ಎಷ್ಟಿದೆ, ಕೇಳುವವರು ಎಷ್ಟಿದ್ದಾರೆ ಎನ್ನುವುದರ ಮೇಲೆ ನಿಂತಿದೆ. ಸುಮ್ನೆ ಉಳಿತಾಯಕ್ಕೆ ಬೇಕಿದ್ದರೆ 24 ಕ್ಯಾರೆಟ್ಟಿನ ಹೊಸ ನಾಣ್ಯವೇ ಒಳ್ಳೆಯದು. ಅದಕ್ಕೆ ಎರಡನೇ ಸಾಲು ಇರುವುದಿಲ್ಲ. ಚಿನ್ನದ ಬೆಲೆ, ಮಜೂರಿ, ಜಿಎಸ್‌ಟಿ ಅಷ್ಟೆ.

ದಯವಿಟ್ಟು ಲಕ್ಷ್ಮೀ ಪೂಜೆಗೆಂದು ಹಳೆ ರೂಪಾಯಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹೊಳಪು ಬಂದಷ್ಟೂ ನಾಣ್ಯದ ಬೆಲೆ ಇಳಿಯುತ್ತದೆ. ನೀರಲ್ಲಿ ಅದ್ದಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಸಾಕು.

ತೋಟದಲ್ಲಿ ಬಸಿಗಾಲುವೆ ತೆಗೆಯುವಾಗ ಸಿಕ್ಕ ನಾಣ್ಯಗಳನ್ನು ನಾವು ಕೊಳ್ಳುವುದಿಲ್ಲ. ಕರ್ನಾಟಕದ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. 100 ವರ್ಷ ದಾಟಿದ ನಾಣ್ಯವನ್ನು ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವಂತೆಯೂ ಇಲ್ಲ.

ನಮ್ಮ ಹಳೆ ಬಿಲ್ಲು ಇದ್ದರೆ ನಾಣ್ಯದ ಜೊತೆ ತನ್ನಿ. ದೀಪಾವಳಿಯೊಳಗೆ ಬಂದರೆ ಎರಡು ಸಾಲಿನ ಹೊಸ ಬಿಲ್ಲು ಬರೆದುಕೊಡುತ್ತೇವೆ.

ಇಂತಿ ನಿಮ್ಮ,
ನಾಣ್ಯದ ಅಂಗಡಿಯವರು
ಗಾಂಧಿ ಬಜಾರ್, ಶಿವಮೊಗ್ಗ